ನವನೀತನ ಕ್ಲಾಸಿನಲ್ಲಿ ನಮ್ಮ ಯಜಮಾನರು

ಮೊನ್ನೆ ಸೋಫಾ ಸರಿಸಿ ಗುಡಿಸುವಾಗ ಸಂದಿಯಲ್ಲಿ ಒಂದು ಬಾಚಣಿಗೆ ಸಿಕ್ಕಿತು. ನಿಜವಾದ ಬಾಚಣಿಗೆಯಲ್ಲ, ಬಾಚಣಿಗೆಯ ಚಿತ್ರ. ಅಂಗೈಯಗಲದ ರಟ್ಟಿನ ಮೇಲೆ ನೀಲಿ ಬಣ್ಣದ್ದು. ಪೊರಕೆಯನ್ನು ಗೋಡೆಗೆ ಒರಗಿಸಿ ಅದನ್ನು ಹಿಡಿದುಕೊಂಡು ಕೂತೆ. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ, ಒಲೆಯ ಮೇಲಿನ ಹಾಲು ಉಕ್ಕಿ ಕರಕಲು ವಾಸನೆ ಬಂದ ಮೇಲೆ ಎದ್ದೆ. ಅರವತ್ತರ ಹತ್ತಿರ ಬಂದವಳು ರಟ್ಟಿನ ಬಾಚಣಿಗೆ ನೋಡುತ್ತ ಹಾಲು ಉಕ್ಕಿಸಿದಳು ಎಂದರೆ ಯಾರಾದರೂ ನಗುತ್ತಾರೆ. ನೀವು ನಗಬೇಡಿ. ನಕ್ಕರೂ ಪೂರ್ತಿ ಕೇಳಿ ನಗಿ.

ಬಾಚಣಿಗೆ ಎಂದ ಕೂಡಲೇ ನನಗೆ ನೆನಪಾಗುವುದು ಒಂದು ಹಣೆ. ಅದರ ಮೇಲೆ ಬೇಕೆಂದೇ ಬೀಳಿಸಿಕೊಂಡಂತಿದ್ದ ಕೂದಲು, ಕೂದಲ ಕೆಳಗೆ ಎಡಹುಬ್ಬಿನಲ್ಲಿ ಗಾಯದ ಗೆರೆಯಂಥ ಒಂದು ಸಣ್ಣ ಖಾಲಿ ಜಾಗ. ನಿಮ್ಮ ಹದಿನೈದನೇ ವಯಸ್ಸಿನಲ್ಲೂ ಅಂಥದ್ದೊಂದು ಹಣೆ ಇದ್ದೇ ಇರುತ್ತದೆ, ಹೆಸರು ಬೇರೆ ಇರಬಹುದು. ನನ್ನದರ ಹೆಸರು ನವನೀತ್.

ನಾನು ಬೆಳೆದದ್ದು ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪ ಗಾರ್ಡು. ಹಗಲಿಡೀ ಹಳಿಯ ಮೇಲೆ ಡಬ್ಬಿಗಳು ಒಂದಕ್ಕೊಂದು ತಾಗುವ ಸದ್ದು, ಅಮ್ಮನ ಒಗ್ಗರಣೆಯ ಜೊತೆ ಕಲ್ಲಿದ್ದಲ ಹೊಗೆಯ ವಾಸನೆ. ಆ ಊರಿಗೆ ನವನೀತ್ ಬಂದದ್ದು ಒಂದು ಗೋಡೆಯ ಪೋಸ್ಟರಿನಲ್ಲಿ, ಸೈಕಲ್ಲಿಗೆ ಒರಗಿಕೊಂಡು. ಅವನಿಗೂ ಹದಿನಾರೋ ಹದಿನೇಳೋ. ಕ್ಲಾಸಿಗೆ ಚಕ್ಕರ್ ಹೊಡೆಯುವ, ಹಾಡುವ, ಕೊನೆಯಲ್ಲಿ ಅಮ್ಮನ ಕಾಲಿಗೆ ಬೀಳುವ ಹುಡುಗನ ಪಾತ್ರ. ಆ ಸಿನಿಮಾ ಬಂದು ಹೋದ ಮೇಲೆ ನಮ್ಮೂರ ಹುಡುಗರೆಲ್ಲ ಜೇಬಿನಲ್ಲಿ ಬಾಚಣಿಗೆ ಇಟ್ಟುಕೊಳ್ಳತೊಡಗಿದರು. ನಾವು ಹುಡುಗಿಯರು ಅವನ ಹೆಸರನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲವಾದ್ದರಿಂದ ನವನೀತನನ್ನು ಅಚ್ಚಗನ್ನಡಕ್ಕೆ ತಂದು 'ಬೆಣ್ಣೆ' ಮಾಡಿದೆವು. "ಬೆಣ್ಣೆ ಈ ವಾರ ಪತ್ರಿಕೆಯಲ್ಲಿ ಬಂದಿದೆ ಕಣೇ," "ಬೆಣ್ಣೆಗೆ ಜ್ವರವಂತೆ." ಇಷ್ಟೊಂದು ಬೆಣ್ಣೆಯ ಮಾತು ಕೇಳಿ ಅಮ್ಮ, ಹುಡುಗಿ ಬೆಳೆಯುವ ವಯಸ್ಸು, ತಿನ್ನಲಿ ಎಂದು ರೊಟ್ಟಿಗೆ ಒಂದು ಮುದ್ದೆ ಜಾಸ್ತಿಯೇ ಹಾಕುತ್ತಿದ್ದಳು.

ಅವನ ಚಿತ್ರವೊಂದನ್ನು ಕತ್ತರಿಸಿ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿದ್ದೆ. ಲೆಕ್ಕದ ಮೇಷ್ಟ್ರು ಕೈವಾರ ಕೇಳಿ ಬಾಕ್ಸು ತೆರೆದರು. ಸ್ವಲ್ಪ ಹೊತ್ತು ಅವನನ್ನೇ ನೋಡಿ, "ಯಾರಮ್ಮ ಇವರು, ಪೈಥಾಗೊರಸ್ಸಾ?" ಎಂದರು. ಇಡೀ ಕ್ಲಾಸು ನಕ್ಕಿತು. ಮೇಷ್ಟ್ರು ಚಿತ್ರ ಕೀಳಲಿಲ್ಲ, ಅದೊಂದು ಉಪಕಾರ. ಆಮೇಲೆ ನವನೀತನ ಇನ್ನೆರಡು ಸಿನಿಮಾ ಬಂದವು. ಆಮೇಲೆ ಬರಲಿಲ್ಲ. ನಾವೂ ಪಿಯುಸಿ, ಡಿಗ್ರಿ, ಜಾತಕ ಎಂದು ಮುಂದಕ್ಕೆ ಹೋದೆವು. ಯಾರೂ ಅವನನ್ನು ಮರೆಯಲು ಪ್ರಯತ್ನ ಪಡಲಿಲ್ಲ, ಆದರೂ ಮರೆತೆವು.

ಮದುವೆಯಾಗಿ ಬಂದದ್ದು ಮದ್ರಾಸಿಗೆ. ನಮ್ಮ ಯಜಮಾನರಿಗೆ ತಿರುವೊಟ್ಟಿಯೂರಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಮೀನು, ಸಮುದ್ರ, ಕಾರ್ಖಾನೆಯ ಹೊಗೆ ಮೂರೂ ಕಲೆತ ಗಾಳಿ ಬರುವ ಮನೆ. ಹೊಸದರಲ್ಲಿ ಬೇಸರಕ್ಕೆ ನನ್ನ ಹಳೆಯ ಕಥೆಯನ್ನೆಲ್ಲ ಅವರಿಗೆ ಹೇಳುತ್ತಿದ್ದೆ. ಬೆಣ್ಣೆಯ ಕಥೆಯನ್ನೂ ಹೇಳಿದೆ, ಜಾಮಿಟ್ರಿ ಬಾಕ್ಸನ್ನೂ ತೋರಿಸಿದೆ. ಬೇರೆ ಗಂಡಸರಾದರೆ ಏನೆನ್ನುತ್ತಿದ್ದರೋ. ಇವರು ಚಿತ್ರವನ್ನು ದೀಪದ ಹತ್ತಿರ ಹಿಡಿದು ಪರೀಕ್ಷೆ ಮಾಡಿ, "ಹುಬ್ಬಲ್ಲಿ ತೂತಿದೆ. ಇರಲಿ, ಸುಮಾರಾಗಿದಾನೆ," ಎಂದರು. ಮುಂದಿನ ಭಾನುವಾರ ಕೋಡಂಬಾಕ್ಕಂಗೆ ಕರೆದುಕೊಂಡು ಹೋಗಿ ಒಂದು ಸ್ಟುಡಿಯೋದ ಗೇಟಿನ ಮುಂದೆ ನಿಲ್ಲಿಸಿ ಎಳನೀರು ಕೊಡಿಸಿದರು. ತಮ್ಮ ಹೊಸ ತಮಿಳಿನಲ್ಲಿ ವಾಚ್‌ಮನ್ನನ್ನು ವಿಚಾರಿಸಿದರು. "ಆ ಹುಡುಗನಾ? ಈಗ ಬರುವುದಿಲ್ಲ," ಎಂದ ವಾಚ್‌ಮನ್. ಹಿಂದಿರುಗುವಾಗ ಬಸ್ಸಿನಲ್ಲಿ ಇವರು, "ಬೆಣ್ಣೆ ಕರಗಿಹೋಯ್ತು, ಇನ್ನು ನಾನೇ ಗತಿ," ಎಂದರು. ಅವರನ್ನು ನಾನು ಪ್ರೀತಿಸತೊಡಗಿದ್ದು ಆ ಬಸ್ಸಿನಲ್ಲೇ ಇರಬೇಕು.

ಆಮೇಲೆ ಮಗಳು ಸಿಂಧು ಹುಟ್ಟಿದಳು. ತಾಂಬರಂನಲ್ಲಿ ಮನೆಯಾಯಿತು, ರಿಟೈರಾಯಿತು. ಸಿಂಧುವಿಗೂ ಅವಳಪ್ಪನಿಗೂ ಮೊದಲಿನಿಂದ ತಮಿಳೇ. ಶಾಲೆಯಿಂದ ಹೊತ್ತು ತಂದ ತಮಿಳಿನಲ್ಲಿ ಅವಳು ಜಗಳಕ್ಕೆ ನಿಂತರೆ, ಕಾರ್ಖಾನೆಯಿಂದ ಹೊತ್ತು ತಂದ ತಮಿಳಿನಲ್ಲಿ ಇವರು ಉತ್ತರ ಕೊಡುವುದು. ನಾನು ಕನ್ನಡದಲ್ಲಿ ಬೈದರೆ ಇಬ್ಬರೂ ಕಣ್ಣಲ್ಲೇ ಮಾತಾಡಿಕೊಂಡು ನಗುವುದು. ಸಿಂಧುವಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಗೆ ಬರುವುದಿಲ್ಲ. ಮದುವೆಯಾಗಿ ಅಣ್ಣಾನಗರಕ್ಕೆ ಹೋದ ಮೇಲೂ ದಿನಾ ಸಂಜೆ ಅಪ್ಪನಿಗೆ ಫೋನು, ಅದರಲ್ಲಿ ಅರ್ಧ ಕ್ರಿಕೆಟ್ಟು, ಅರ್ಧ ನನ್ನ ಮೇಲೆ ಚಾಡಿ.

ಒಂದು ಬೆಳಿಗ್ಗೆ ಇವರು ಪೇಪರ್ ಓದುತ್ತ ನನ್ನನ್ನು ಏನೋ ಕೇಳಿದರು. ಕಾಫಿ ಕೇಳಿದರು ಎಂದುಕೊಂಡೆ. ಮತ್ತೆ ಕೇಳಿದರು. ಅದು ಯಾವ ಭಾಷೆಯೂ ಆಗಿರಲಿಲ್ಲ. ಪೇಪರ್ ಕೈಯಿಂದ ಜಾರಿತು, ಬಾಯಿ ಒಂದು ಕಡೆಗೆ ವಾಲಿತು.

ಆಸ್ಪತ್ರೆಯ ದಿನಗಳನ್ನು ಇಲ್ಲಿ ಹೇಳುವುದಿಲ್ಲ. ಕಾಲು ಬಂತು, ಕೈ ಮುಕ್ಕಾಲು ಬಂತು. ಮಾತು ಬರಲಿಲ್ಲ. ಹೇಳಬೇಕಾದದ್ದು ಒಳಗೆ ಇದೆ, ಬಾಯಿಗೆ ಬರುವ ದಾರಿ ತಪ್ಪಿದೆ ಎಂದರು ಡಾಕ್ಟರು. ಮೊದಲು ಮಾತು ಕಲಿಸುವ ಒಬ್ಬಳು ಎಳೆಯ ಹುಡುಗಿ ಬಂದು ಚಿತ್ರಗಳನ್ನು ತೋರಿಸಿ "ಇದು ಎನ್ನ ಸಾರ್?" ಎಂದು ತಮಿಳಿನಲ್ಲಿ ಕೇಳಿದಳು. ಇವರು ಯಾವುದೋ ದೂರದ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದವರಂತೆ ಕೂತಿದ್ದರು. ಅವಳು ಜಾಣೆ. "ಇವರಿಗೆ ತಾಯಿಮಾತು ಮೊದಲು ಬರಬಹುದು, ಪುರಸೈವಾಕ್ಕಂನಲ್ಲಿ ಒಬ್ಬರು ಕನ್ನಡದ ಸಾರ್ ಇದ್ದಾರೆ, ಅಲ್ಲಿಗೆ ಹೋಗಿ," ಎಂದಳು.

ಹಾಗೆ ಶುರುವಾಯಿತು ನಮ್ಮ ಪುರಸೈವಾಕ್ಕಂ ಯಾತ್ರೆ. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೇನಿನಲ್ಲಿ ಎಗ್ಮೋರ್, ಅಲ್ಲಿಂದ ಆಟೋ. ಜನ ಕಡಿಮೆಯಿರುವ ಹೊತ್ತು ನೋಡಿ ಹೊರಡುತ್ತಿದ್ದೆವು. ಕಿಟಕಿಯ ಪಕ್ಕ ಇವರು, ಇವರ ಪಕ್ಕ ನಾನು. ಬಿಸಿಗಾಳಿ, ತೂಗುವ ಡಬ್ಬಿ, ಮಲ್ಲಿಗೆ ಮಾರುವವಳ ಬುಟ್ಟಿಯ ವಾಸನೆ. ಅರ್ಧ ನಿದ್ದೆಯಲ್ಲಿ ನನಗೆ ಎಷ್ಟೋ ಸಲ ಇದು ಅರಸೀಕೆರೆಯಿಂದ ಹೊರಟ ರೈಲು, ಹಿಂದಿನ ಡಬ್ಬಿಯಲ್ಲಿ ಅಪ್ಪ ಹಸಿರು ಬಾವುಟ ಹಿಡಿದು ನಿಂತಿದ್ದಾನೆ ಎನ್ನಿಸುತ್ತಿತ್ತು. ಪಕ್ಕದಲ್ಲಿರುವ ಈ ಮೌನವಾದ ಗಂಡಸು ಯಾರು, ಇವರಿಗೂ ನನಗೂ ಪರಿಚಯವಾಗಲು ಇನ್ನೂ ವರ್ಷಗಳಿವೆಯಲ್ಲ ಎಂದುಕೊಂಡು ಬೆಚ್ಚಿ ಎಚ್ಚರವಾಗುತ್ತಿದ್ದೆ.

ಸೀರೆ ಅಂಗಡಿಗಳ ಸಾಲು ದಾಟಿ, ಒಂದು ಪಾತ್ರೆ ಅಂಗಡಿಯ ಹಿಂದೆ ಆ ಕ್ಲಿನಿಕ್ಕು. ಬಾಗಿಲಲ್ಲಿ 'ನಂಜುಂಡಸ್ವಾಮಿ, ಸ್ಪೀಚ್ ಥೆರಪಿಸ್ಟ್' ಎಂದು ಮೂರು ಲಿಪಿಯಲ್ಲಿ ಬರೆದ ಬೋರ್ಡು. ಒಳಗೆ ಒಂದು ಮೇಜು, ದೊಡ್ಡ ಕನ್ನಡಿ, ಪೆಟ್ಟಿಗೆ ತುಂಬ ಚಿತ್ರದ ರಟ್ಟುಗಳು. ಅಭ್ಯಾಸಕ್ಕೆಂದು ಕೆಲವು ನಮ್ಮ ಜೊತೆ ಮನೆಗೂ ಬರುತ್ತಿದ್ದವು. ನಂಜುಂಡಸ್ವಾಮಿ ಬೋಳುತಲೆಯ, ದಪ್ಪ ಕನ್ನಡಕದ, ಸ್ವಲ್ಪ ಹೊಟ್ಟೆ ಬಂದ ಮನುಷ್ಯ. ಮೈಸೂರು ಕಡೆಯ ಕನ್ನಡ. ಇವರ ಮುಂದೆ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತು, "ಸರ್, ನನ್ನ ಬಾಯಿ ನೋಡಿ. ಅವಸರ ಇಲ್ಲ. ಬಾ-ಚ-ಣಿ-ಗೆ," ಎನ್ನುತ್ತಿದ್ದರು. ಹಿಂದಿನ ಅಂಗಡಿಯಲ್ಲಿ ಪಾತ್ರೆ ಬಿದ್ದರೆ, ಸದ್ದು ಅಡಗುವವರೆಗೆ ಕಾದು ಮತ್ತೆ ಹೇಳುತ್ತಿದ್ದರು. ಇವರ ತುಟಿ ನಡುಗುತ್ತಿತ್ತು, ಬರುತ್ತಿರಲಿಲ್ಲ. ನಾನು ಇವರ ತುಟಿಯನ್ನೇ ನೋಡುತ್ತ ನನ್ನ ತುಟಿಯನ್ನೂ ಆಡಿಸುತ್ತ ಕೂತಿರುತ್ತಿದ್ದೆ. ಮಗುವಿಗೆ ಅನ್ನ ತಿನ್ನಿಸುವಾಗ ತಾಯಿಯೂ ಬಾಯಿ ತೆರೆಯುತ್ತಾಳಲ್ಲ, ಹಾಗೆ.

ಇನ್ನೊಂದು ಕಡೆ ಸಿಂಧು ನಮ್ಮ ಮನೆಗೆ ಬರುವುದು ಕಡಿಮೆ ಮಾಡಿದ್ದಳು. ಬಂದರೆ ಅಪ್ಪನ ಕೈ ಹಿಡಿದು ತಮಿಳಿನಲ್ಲಿ ಮಾತಾಡುವುದು, ಅಪ್ಪ ಸ್ವಲ್ಪ ಹೊತ್ತು ಕೇಳಿ ಗೋಡೆಯ ಕಡೆ ತಿರುಗುವುದು. ಅಡುಗೆಮನೆಗೆ ಬಂದು ಅಳುತ್ತಿದ್ದಳು. "ಅಪ್ಪಾವುಕ್ಕು ಎನ್ ಮೇಲೆ ಕೋಪಂ ಅಮ್ಮಾ." ಅಪ್ಪನಿಗೆ ನನ್ನ ಮೇಲೆ ಕೋಪ. ಇಲ್ಲ ಕಣೇ ಎಂದರೆ ಕೇಳಲಿಲ್ಲ. ಸಂಜೆಯ ಫೋನು ನಿಂತುಹೋಗಿತ್ತು. ಆ ಹೊತ್ತಿಗೆ ಸರಿಯಾಗಿ ಇವರು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕೂರುವುದನ್ನು ನಾನು ಅವಳಿಗೆ ಹೇಳಿರಲಿಲ್ಲ. ಹೇಳಿದ್ದರೆ ಅವಳು ಇನ್ನಷ್ಟು ಅಳುತ್ತಿದ್ದಳು.

ಒಂದು ದಿನ ನಂಜುಂಡಸ್ವಾಮಿ ಗಾಳಿಪಟದ ಚಿತ್ರ ಹಿಡಿದು, "ಇದೇನು ಸರ್?" ಎಂದರು. ಇವರು ಚಿತ್ರ ನೋಡಲಿಲ್ಲ. ಅವರ ಮುಖವನ್ನೇ ನೋಡುತ್ತಿದ್ದರು. ಅವತ್ತು ಸೆಖೆಗೆ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಿದ್ದರು.

"ಬೆ," ಎಂದರು ಇವರು.

ವಾರಗಟ್ಟಲೆ ಆದ ಮೇಲೆ ಕೇಳಿದ ಮೊದಲ ಅಕ್ಷರ.

"ಬೆ... ಬೆಣ್ಣೆ."

"ತುಂಬ ಚೆನ್ನಾಗಿ ಹೇಳಿದ್ರಿ ಸರ್. ಆದರೆ ಇದು ಬೆಣ್ಣೆ ಅಲ್ಲ, ಗಾಳಿಪಟ. ಗಾ..."

"ಬೆಣ್ಣೆ!" ಇವರಿಗೆ ಸಿಟ್ಟು ಬಂತು. ಎಡಗೈ ಎತ್ತಿ ನಂಜುಂಡಸ್ವಾಮಿಯ ಮುಖಕ್ಕೆ ಬೆರಳು ಮಾಡಿದರು. ಆಮೇಲೆ ಅದೇ ಬೆರಳನ್ನು ನನ್ನ ಕಡೆ ತಿರುಗಿಸಿದರು. ತಮ್ಮ ಹುಬ್ಬನ್ನು ಮುಟ್ಟಿ ತೋರಿಸಿದರು. ಆಮೇಲೆ, ದೇವರೇ, ನಕ್ಕರು. ಅರ್ಧ ಬಾಯಲ್ಲಿ, ಹೊಟ್ಟೆ ಕುಣಿಯುವ ಹಾಗೆ.

ನಾನು ತಿರುಗಿ ನೋಡಿದೆ. ಎಡಹುಬ್ಬಿನಲ್ಲಿ ಗಾಯದ ಗೆರೆಯಂಥ ಸಣ್ಣ ಖಾಲಿ ಜಾಗ. ಕೂದಲಿಲ್ಲ, ಸೈಕಲ್ಲಿಲ್ಲ, ಆದರೆ ಹಣೆ ಅದೇ. ಇಷ್ಟು ದಿನ ಈ ಕೋಣೆಯಲ್ಲಿ ನಾನು ನೋಡುತ್ತಿದ್ದದ್ದು ನನ್ನ ಗಂಡನ ಬಾಯಿಯನ್ನು. ಇವರು ನೋಡುತ್ತಿದ್ದದ್ದು ನನ್ನ ಹೀರೊನನ್ನು.

"ನೀವು... ನವನೀತಾ?" ಎಂದೆ. ಏಕವಚನವೋ ಬಹುವಚನವೋ ನನಗೇ ತಿಳಿಯಲಿಲ್ಲ.

ಅವರು ಚಿತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಆ ಹೆಸರು ಕೇಳಿ ಬಹಳ ಕಾಲ ಆಯ್ತಮ್ಮ," ಎಂದರು. "ಆದರೆ ಬೆಣ್ಣೆ ಯಾಕೆ?"

ಹೇಳದೆ ವಿಧಿಯಿರಲಿಲ್ಲ. ಪಾತ್ರೆಗಳ ಸದ್ದಿನ ನಡುವೆ ಅರಸೀಕೆರೆ, ಅಮ್ಮನ ರೊಟ್ಟಿ, ಪೈಥಾಗೊರಸ್, ಸ್ಟುಡಿಯೋ ಗೇಟು ಎಲ್ಲ ಹೇಳಿದೆ. ಕಿವಿಯವರೆಗೆ ಬಿಸಿಯಾಗಿತ್ತು. ಇವರು ಪ್ರತಿ ಮಾತಿಗೂ ತಲೆಯಾಡಿಸುತ್ತ ಸಾಕ್ಷಿ ಹೇಳುತ್ತಿದ್ದರು. ನಂಜುಂಡಸ್ವಾಮಿ ನಗುತ್ತ ನಗುತ್ತ ಕೊನೆಗೆ ಕಣ್ಣೊರೆಸಿಕೊಂಡರು. "ಸರ್ ಹೇಳಿದ್ದು ಸರಿ ಉತ್ತರ. ನಾನೇ ತಪ್ಪು ಅಂದುಬಿಟ್ಟೆ," ಎಂದರು.

ಅವತ್ತಿನಿಂದ ಕ್ಲಾಸಾದ ಮೇಲೆ ಫ್ಲಾಸ್ಕಿನ ಕಾಫಿ ಹಂಚಿಕೊಂಡು ಕೂರುವ ರೂಢಿಯಾಯಿತು. ಅವರ ಕಥೆ ನನಗೆ ತಿಳಿದದ್ದು ಹಾಗೆ, ಚೂರು ಚೂರಾಗಿ. ಶಾಲೆಯ ವಾರ್ಷಿಕೋತ್ಸವದ ನಾಟಕದಲ್ಲಿ ನೋಡಿ ಯಾರೋ ಕರೆತಂದರಂತೆ. ನಂಜುಂಡಸ್ವಾಮಿ ಎಂಬ ಹೆಸರು ಹುಡುಗಿಯರ ಬಾಯಲ್ಲಿ ಕರಗುವುದಿಲ್ಲ ಎಂದು ನಿರ್ಮಾಪಕರು ನವನೀತ್ ಮಾಡಿದರಂತೆ. ಆಗ ಕನ್ನಡ ಸಿನಿಮಾಗಳ ಕೆಲಸ ಬಹಳಷ್ಟು ಮದ್ರಾಸಿನಲ್ಲೇ, ವಡಪಳನಿಯ ಒಂದು ಕೋಣೆಯಲ್ಲಿ ತಾಯಿಯ ಜೊತೆ ವಾಸ.

"ಇನ್ನೊಂದು ವಿಷಯ ಹೇಳಿದರೆ ನಿಮಗೆ ಬೇಜಾರಾಗಬಹುದು," ಎಂದರು ಒಂದು ದಿನ. "ಆಗ ನನ್ನ ಗಂಟಲು ಒಡೆಯೋ ವಯಸ್ಸು. ಒಂದು ಮಾತು ಕಾಗೆ ಥರ, ಇನ್ನೊಂದು ಕಪ್ಪೆ ಥರ. ಮೂರೂ ಸಿನಿಮಾದಲ್ಲಿ ದನಿ ನನ್ನದಲ್ಲ. ರಾಮಣ್ಣ ಅಂತ ಒಬ್ಬರು ಕೊಟ್ಟದ್ದು. ನಲವತ್ತು ದಾಟಿದ್ದ ಮನುಷ್ಯ. ಬೀಡಿ ಸೇದ್ತಾ ಬಂದು, ಕ್ಯಾ ಕ್ಯಾ ಅಂತ ಕೆಮ್ಮಿ, ಮೈಕ್ ಮುಂದೆ ನಿಂತರೆ ಹದಿನೇಳರ ಹುಡುಗ."

ಅಂದರೆ ನಾವು ಹುಡುಗಿಯರು ಕಣ್ಣುಮುಚ್ಚಿ ಕೇಳಿದ, ಕೊನೆಯ ದೃಶ್ಯದ ಆ "ಅಮ್ಮಾ" ಒಬ್ಬ ಬೀಡಿ ಸೇದುವ ರಾಮಣ್ಣನದು. ಯಜಮಾನರು ಇದನ್ನು ಕೇಳಿ ನನ್ನ ಮಂಡಿ ತಟ್ಟಿ ಸಮಾಧಾನ ಮಾಡಿದರು.

ಮೂರು ಸಿನಿಮಾದ ನಂತರ ಗಡ್ಡ ಬಂತು, ಭುಜ ಅಗಲವಾಯಿತು. ಹುಡುಗನೂ ಅಲ್ಲ, ಹೀರೊ ಆಗುವಷ್ಟು ಗಂಡಸೂ ಅಲ್ಲ. ಕಾಯಿರಿ ಎಂದರು ನಿರ್ಮಾಪಕರು. ಕಾದರು. ಬಸ್ಸಿನಲ್ಲಿ ಮೊದಲು ಜನ "ನೀವು ಅವರಲ್ವಾ?" ಎಂದರಂತೆ. ಆಮೇಲೆ "ನೀವು ಅವರ ಥರಾನೇ ಇದ್ದೀರಿ." ಆಮೇಲೆ "ಸ್ವಲ್ಪ ಸರೀರಿ." ತಾಯಿ ಊರಿಗೆ ವಾಪಸ್ಸಾದರು, ಮಗ ಹೋಗಲಿಲ್ಲ. ಹೋದರೆ ಸೋತೆ ಎಂದು ಊರೆಲ್ಲ ನೋಡುತ್ತದೆ ಎಂಬ ಭಯ.

ಆ ಖಾಲಿ ದಿನಗಳಲ್ಲೇ ರಾಮಣ್ಣನಿಗೆ ಗಂಟಲಿನ ಆಪರೇಷನ್ ಆಯಿತು. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಹೆಂಡತಿ ಮಕ್ಕಳಿಲ್ಲದ ಮನುಷ್ಯ. "ನನಗೆ ಕೆಲಸ ಇರಲಿಲ್ಲ, ಅವರಿಗೆ ಜನ ಇರಲಿಲ್ಲ. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗ್ತಿದ್ದೆ. ಅಲ್ಲೊಬ್ಬರು ವಯಸ್ಸಾದ ಟೀಚರಮ್ಮ, ಗಾಳಿ ನುಂಗಿ ತೇಗಿನಲ್ಲೇ ಮಾತಾಡೋದು ಕಲಿಸ್ತಿದ್ರು. ರಾಮಣ್ಣ ಎಷ್ಟು ಸಲ ಸಿಟ್ಟು ಮಾಡಿ ಎದ್ದು ಬಂದರೋ. ಅಂಥ ದನಿ ಇದ್ದ ಮನುಷ್ಯ ತೇಗಬೇಕು ಅಂದ್ರೆ! ನಾನು ಮತ್ತೆ ಕೂರಿಸ್ತಿದ್ದೆ. ಅವರು ನುಂಗಿದರೆ ನಾನೂ ಗಾಳಿ ನುಂಗ್ತಿದ್ದೆ. ಒಂದು ದಿನ ಟ್ಯಾಕ್ಸಿ ಕರೆಯೋಕೆ ನಾನು ಆಸ್ಪತ್ರೆ ಮೆಟ್ಟಿಲು ಇಳೀತಿದ್ದೆ. ಹಿಂದಿನಿಂದ ಯಾರೋ ಬಾವಿ ಒಳಗಿಂದ ಕರೆದ ಹಾಗೆ, 'ನಂಜುಂಡಾ' ಅಂದ್ರು. ನವನೀತ ಅನ್ನಲಿಲ್ಲ. ಅವರಿಗೆ ನನ್ನ ಹೆಸರು ನೆನಪಿದೆ ಅಂತಾನೇ ನನಗೆ ಗೊತ್ತಿರಲಿಲ್ಲ."

ಅವರು ಕಾಫಿ ಲೋಟವನ್ನು ಬೆರಳಲ್ಲಿ ತಿರುಗಿಸಿದರು. ಹಿಂದಿನ ಅಂಗಡಿಯಲ್ಲಿ ಯಾರೋ ತಟ್ಟೆಗಳನ್ನು ಒಂದರೊಳಗೊಂದು ಜೋಡಿಸುತ್ತಿದ್ದರು.

ಅದೇ ವರ್ಷ ಮೈಸೂರಿಗೆ ಹೋಗಿ ಈ ವಿದ್ಯೆ ಕಲಿಯಲು ಸೇರಿದರಂತೆ. ಕ್ಲಾಸಿನಲ್ಲಿ ಎಲ್ಲರಿಗಿಂತ ದೊಡ್ಡವರು. ಓದು ಮುಗಿಸಿ ಮತ್ತೆ ಇಲ್ಲಿಗೇ ಬಂದರು, ರಾಮಣ್ಣ ಇಲ್ಲಿದ್ದರಲ್ಲ. ಅವರು ಕಣ್ಣುಮುಚ್ಚುವವರೆಗೆ ಜೊತೆಯಲ್ಲಿಟ್ಟುಕೊಂಡರು. ಇಲ್ಲಿನ ಶಾಲೆಯೊಂದರ ಟೀಚರನ್ನು ಮದುವೆಯಾದರು. ಆಕೆ ನವನೀತನ ಒಂದು ಸಿನಿಮಾವನ್ನೂ ನೋಡಿಲ್ಲವಂತೆ.

"ಬೇಜಾರಾಗಲಿಲ್ಲವಾ ನಿಮಗೆ, ಎಲ್ಲ ಬಿಟ್ಟುಹೋದದ್ದಕ್ಕೆ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಆಯ್ತಮ್ಮ. ಎಷ್ಟೋ ವರ್ಷ ಆಯ್ತು. ಮಲಗಿದರೆ ಚಪ್ಪಾಳೆ ಕೇಳ್ತಿತ್ತು. ಎದ್ದರೆ ಅದು ಫ್ಯಾನಿನ ಸದ್ದು." ನಕ್ಕರು. "ಈಗಲೂ ಆಧಾರ್ ಕಾರ್ಡಿಗೆ ಫೋಟೊ ತೆಗೆಯೋವಾಗ ಗದ್ದ ತಾನಾಗಿ ಎಡಕ್ಕೆ ತಿರುಗುತ್ತೆ. ಕ್ಯಾಮರಾ ಹುಡುಗ ಬೈತಾನೆ, ನೇರ ನೋಡಿ ಸಾರ್ ಅಂತ."

ಈ ಮಾತುಕತೆಯ ನಡುವೆ ಒಂದು ದಿನ ಸಿಂಧುವಿನ ವಿಷಯ ಹೇಳಿದೆ. ಅವರು ತಕ್ಷಣ ಲೋಟ ಕೆಳಗಿಟ್ಟರು. "ಮಗಳು ಇದಾಳೆ ಅಂತ ಇಷ್ಟು ದಿನ ಯಾಕೆ ಹೇಳಲಿಲ್ಲ? ಶನಿವಾರ ಕರೆದುಕೊಂಡು ಬನ್ನಿ."

ಶನಿವಾರ ಸಿಂಧು ಬಂದಳು. ಮುಖ ಊದಿತ್ತು. ಅಪ್ಪನ ಪಕ್ಕ ಕೂರದೆ ಬಾಗಿಲ ಹತ್ತಿರ ಕೂತಳು. ನಂಜುಂಡಸ್ವಾಮಿ ಅವಳಿಗೆ ತಮಿಳಿನಲ್ಲೇ ಹೇಳಿದರು: ಅಪ್ಪನಿಗೆ ಕೋಪವಲ್ಲಮ್ಮ, ಅವರ ತಮಿಳಿನ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಮುಂದೆ ತೆರೆಯಬಹುದು, ತೆರೆಯದೆಯೂ ಇರಬಹುದು. ನೀನು ಬಂದು ಬಡಿಯುವುದು ಅವರಿಗೆ ಕೇಳುತ್ತದೆ, ತೆಗೆಯಲು ಆಗುವುದಿಲ್ಲ. ಅದಕ್ಕೇ ಮುಖ ತಿರುಗಿಸುತ್ತಾರೆ. ಕನ್ನಡದ ಬಾಗಿಲು ಒಂದು ಸಂದಿಯಷ್ಟು ತೆರೆದಿದೆ. ಅಲ್ಲಿಂದ ಬಾ.

"ಎನಕ್ಕು ಪೇಸ ವರಾದು ಸಾರ್," ಎಂದಳು ಸಿಂಧು. ನನಗೆ ಮಾತಾಡಲು ಬರುವುದಿಲ್ಲ. ಅವಳಿಗೂ ಮೂವತ್ತು ದಾಟಿದೆ, ಆಫೀಸಿನಲ್ಲಿ ಹತ್ತಾರು ಜನ ಅವಳ ಮಾತು ಕೇಳುತ್ತಾರೆ. ಅಲ್ಲಿ ಕೂತವಳು ಪರೀಕ್ಷೆಯ ದಿನದ ಮಗುವಿನ ಹಾಗಿದ್ದಳು.

ನಂಜುಂಡಸ್ವಾಮಿ ಈಗ ಕನ್ನಡಕ್ಕೆ ಬಂದರು. "ನಾನು ಮೂರು ಸಿನಿಮಾದಲ್ಲಿ ಬರೀ ಬಾಯಿ ಆಡಿಸಿದ್ದೀನಿ ಮರಿ. ನಿಮ್ಮಮ್ಮನಂಥ ಬುದ್ಧಿವಂತರೇ ನಂಬಿದರು. ನೀನೂ ಮೊದಲು ಬಾಯಿ ಆಡಿಸು."

ಅವಳು ಕುರ್ಚಿಯನ್ನು ಅಪ್ಪನ ಮುಂದಕ್ಕೆ ಎಳೆದುಕೊಂಡಳು. ಬಹಳ ಹೊತ್ತು ಅವರ ಮುಖ ನೋಡಿದಳು. ಇವರೂ ನೋಡಿದರು, ಈ ಸಲ ತಿರುಗಲಿಲ್ಲ.

"ಅಪ್ಪಾ," ಎಂದಳು. "ನೀವು... ಊಟ ತಿಂದ್ರಾ?"

ಇವರ ಹುಬ್ಬು ಗಂಟಿಕ್ಕಿತು. ತುಟಿ ನಡುಗಿತು. ನಾನು ಸೀರೆಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

"ಮಾ... ಮಾಡಿ... ಮಾಡಿದ್ರಾ," ಎಂದರು.

"ಎನ್ನಪ್ಪಾ?"

"ಊಟ. ತಿಂದ್ರಾ... ಅಲ್ಲ. ಮಾಡಿದ್ರಾ." ಬೆವರು ಇಳಿಯುತ್ತಿತ್ತು. ಪಾಠ ಹೇಳಿಕೊಡುವ ಹಟದಲ್ಲಿ ಅವರು ತಾವು ಮಾತಾಡುತ್ತಿರುವುದನ್ನೇ ಮರೆತಿದ್ದರು.

"ಸರಿ. ಊಟ ಮಾಡಿದ್ರಾ?"

"ಇಲ್ಲ. ಹಸಿವು." ಸುತ್ತ ನೋಡಿ ನಂಜುಂಡಸ್ವಾಮಿಗೆ, "ನೀವೂ... ಬನ್ನಿ," ಎಂದರು.

ಚಿತ್ರ ತೋರಿಸದೆ, ಯಾರೂ ಕೇಳದೆ, ತಾವಾಗಿ ಆಡಿದ ಮಾತು. ನಂಜುಂಡಸ್ವಾಮಿ ಮುಂದಿನ ಪೇಷಂಟಿಗೆ ಫೋನ್ ಮಾಡಿ ಸ್ವಲ್ಪ ತಡವಾಗಿ ಬರಲು ಹೇಳಿದರು. ಆಮೇಲೆ ಮೇಜಿನ ಕೆಳಗೆ ಬಗ್ಗಿ ಬಹಳ ಹೊತ್ತು ಚಪ್ಪಲಿ ಹುಡುಕಿದರು. ಚಪ್ಪಲಿ ಅಲ್ಲೇ ಕಾಣುವಂತೆಯೇ ಇತ್ತು.

ಮಧ್ಯಾಹ್ನದ ಪುರಸೈವಾಕ್ಕಂ. ಬಿಸಿಲಿಗೆ ಅಂಗಡಿಗಳ ಮುಂದೆ ನೇತುಹಾಕಿದ ಸೀರೆಗಳೆಲ್ಲ ನೀರಿನೊಳಗೆ ಆಡಿದ ಹಾಗೆ ನಿಧಾನಕ್ಕೆ ಆಡುತ್ತಿದ್ದವು. ಸಿಂಧು ಅಪ್ಪನ ತೋಳು ಹಿಡಿದು ಮುಂದೆ ಹೋಗುತ್ತಿದ್ದಳು, ನಾನೂ ನಂಜುಂಡಸ್ವಾಮಿಯೂ ಹಿಂದೆ. ಹದಿನೈದನೇ ವಯಸ್ಸಿನಲ್ಲಿ ಈ ಮನುಷ್ಯನ ಜೊತೆ ಹೀಗೆ ಬೀದಿಯಲ್ಲಿ ನಡೆಯುವುದನ್ನು ಎಷ್ಟು ಸಲ ಊಹಿಸಿಕೊಂಡಿದ್ದೆನೋ. ಈಗ ಪಕ್ಕದಲ್ಲೇ ನಡೆಯುತ್ತಿದ್ದರೂ ನನ್ನ ಕಣ್ಣೆಲ್ಲ ಮುಂದೆ ಹೋಗುತ್ತಿದ್ದ ಇಬ್ಬರ ಬೆನ್ನಿನ ಮೇಲೆ. ಅವರ ಕಣ್ಣೂ ಅಲ್ಲೇ ಇತ್ತು.

"ಪಾಪ, ತಪ್ಪು ತಪ್ಪು ಮಾತಾಡ್ತಾಳೆ," ಎಂದೆ.

"ತಿದ್ದಬೇಡಿ ಅಮ್ಮ," ಎಂದರು. "ಅವಳು ಎಷ್ಟು ತಪ್ಪು ಮಾಡ್ತಾಳೋ ಇವರು ಅಷ್ಟು ಮಾತಾಡ್ತಾರೆ."

ಅಷ್ಟರಲ್ಲಿ ಸಂದಿಯಿಂದ ಒಂದು ಬೈಕು ನುಗ್ಗಿತು. ಸಿಂಧು ಅಪ್ಪನನ್ನು ಹಿಂದಕ್ಕೆ ಎಳೆಯುತ್ತ ಕೂಗಿದಳು, "ಅಪ್ಪಾ, ನೋಡಿ, ಬೈಕ್ ಬರ್ತಾನೆ!"

ಯಜಮಾನರು ನಡುಬೀದಿಯಲ್ಲಿ ನಿಂತುಬಿಟ್ಟರು. ಬೈಕಿನವನು ಬ್ರೇಕ್ ಹಾಕಿ ಹಾರನ್ ಒತ್ತಿದ. ಅವನ ಹಿಂದೆ ಆಟೋ, ಆಟೋದ ಹಿಂದೆ ತಳ್ಳುಗಾಡಿ, ಎಲ್ಲ ನಿಂತವು. ಇವರು ಒಂದು ಹೆಜ್ಜೆಯೂ ಮುಂದೆ ಇಡಲಿಲ್ಲ.

"ಬರು... ಬರುತ್ತೆ," ಎಂದರು ಮಗಳಿಗೆ. "ಹೇಳು."